ಹುಲ್ಲು ಓದುವವನು

ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಕೆಲಸ ಬಿಟ್ಟದ್ದು ಒಂದು ಸೋಮವಾರ. ಹೋಗುವಾಗ ಕುರ್ಚಿಯ ಮೇಲಿದ್ದ ದಿಂಬನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೋದ. ಅದು ಅವನದೇ ಆಗಿತ್ತು, ಯಾರೂ ತಡೆಯಲಿಲ್ಲ. ಹದಿನಾಲ್ಕು ಪಂದ್ಯಗಳಲ್ಲಿ ಎರಡು ಗೆಲುವು, ಒಂದು ಡ್ರಾ, ಉಳಿದದ್ದೆಲ್ಲ ಸೋಲು. ಪಟ್ಟಿಯಲ್ಲಿ ಕೊನೆಯಿಂದ ಎರಡನೆಯ ಸ್ಥಾನ. ಕೊನೆಯ ಎರಡು ತಂಡಗಳು ಕೆಳಗಿನ ಡಿವಿಷನ್ನಿಗೆ ಇಳಿಯಬೇಕೆಂಬುದು ಲೀಗಿನ ನಿಯಮ. ಈ ಕ್ಲಬ್ಬಿಗೆ ಇಳಿಯಲು ಕೆಳಗೆ ಇನ್ನೊಂದು ಡಿವಿಷನ್ನೇ ಇರಲಿಲ್ಲ. ಇಲ್ಲಿಂದ ಬಿದ್ದರೆ ಲೀಗಿನಿಂದಲೇ ಹೊರಗೆ.

ಮೈದಾನ ನೋಡಿಕೊಳ್ಳುವ ಮುದುಕನನ್ನು ಎಲ್ಲರೂ ಹುಲ್ಲಜ್ಜ ಎನ್ನುತ್ತಿದ್ದರು. ಮೂವತ್ತೊಂದು ವರ್ಷದಿಂದ ಅಲ್ಲಿ ಹುಲ್ಲು ಕತ್ತರಿಸುವುದು, ರೋಲರ್ ಎಳೆಯುವುದು, ಸುಣ್ಣದ ಗೆರೆ ಹಾಕುವುದು, ಹರಿದ ಗೋಲಿನ ಬಲೆ ಹೊಲಿಯುವುದು ಎಲ್ಲ ಅವನದೇ. ಇದರ ಮೇಲೆ, ಬೇರೆ ಯಾವ ಕ್ಲಬ್ಬಿನ ಮೈದಾನದವನಿಗೂ ಇಲ್ಲದ ಒಂದು ಕೆಲಸ ಅವನ ತಲೆಗೆ ಬಿದ್ದಿತ್ತು. ಹೊಸ ಮ್ಯಾನೇಜರನ್ನು ಆರಿಸುವಾಗ ಅವನ ಮಾತೇ ಕೊನೆಯ ಮಾತು.

ಅದಕ್ಕೆ ಕಾರಣವಿತ್ತು. ಹಿಂದೆ ಸಮಿತಿಯ ಐದೂ ಜನ ಗ್ಯಾಲರಿಯಲ್ಲಿ ಕೂತು, ಕೆಲಸ ಕೇಳಿಕೊಂಡು ಬಂದವರು ತಂಡವನ್ನು ಹೇಗೆ ಆಡಿಸುತ್ತಾರೆ ಎಂದು ನೋಡುತ್ತಿದ್ದರು. ಐವರಿಗೂ ಬೇಕಾದವರು ಒಬ್ಬೊಬ್ಬರು. ಒಂದು ಸಲ ಮಾತಿಗೆ ಮಾತು ಬೆಳೆದು ಖಜಾಂಚಿ ಉಪಾಧ್ಯಕ್ಷನ ಕನ್ನಡಕ ಮುರಿದ. ಆಗಿನ ಅಧ್ಯಕ್ಷರಿಗೆ ಸಾಕೋ ಸಾಕಾಯಿತು. ಅಂದಿನಿಂದ ಹೊಸ ಪದ್ಧತಿ ಬಂತು. ಕೊನೆಗೆ ಉಳಿದ ಇಬ್ಬರಿಗೂ ಒಂದೊಂದು ಸಂಜೆ ತಂಡವನ್ನು ಒಪ್ಪಿಸುವುದು. ಗೇಟು ಮುಚ್ಚುವುದು. ಯಾರೂ ನೋಡುವ ಹಾಗಿಲ್ಲ, ತೀರ್ಮಾನ ಆಗುವವರೆಗೆ ಆಟಗಾರರು ಬಾಯಿ ಬಿಡುವ ಹಾಗಿಲ್ಲ. ಮಾರನೆಯ ಬೆಳಿಗ್ಗೆ ಮೈದಾನದವನು ಹುಲ್ಲು ನೋಡಿ, ಹಿಂದಿನ ಸಂಜೆ ಅಲ್ಲಿ ಏನು ನಡೆಯಿತು ಎಂದು ಹೇಳುವುದು.

ಕೇಳಿದವರಿಗೆ ನಗು ಬರಬಹುದು. ಹುಲ್ಲಜ್ಜನ ಕೆಲಸ ಕಂಡವರಿಗೆ ಬರುತ್ತಿರಲಿಲ್ಲ. ಅವನು ಮೊಣಕಾಲೂರಿ, ಅಂಗೈಯಿಂದ ಹುಲ್ಲು ಸವರುತ್ತ ಮೈದಾನದ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದ. ಎಲ್ಲಿ ವೇಗವಾಗಿ ಓಡಿದ್ದಾರೆ, ಎಲ್ಲಿ ಸಟಕ್ಕನೆ ತಿರುಗಿದ್ದಾರೆ, ಯಾವ ಮೂಲೆಯಲ್ಲಿ ನಿಂತು ಹರಟೆ ಹೊಡೆದಿದ್ದಾರೆ, ಎಲ್ಲ ಹೇಳುತ್ತಿದ್ದ. ಒಬ್ಬ ಮಹಾಶಯ ಒಂದೂವರೆ ಗಂಟೆ ಬರೀ ಪೆನಾಲ್ಟಿ ಒದೆಸಿ ಮನೆಗೆ ಕಳಿಸಿದ್ದನ್ನು ಒಂದೇ ಗುಂಡಿ ನೋಡಿ ಹೇಳಿದ್ದ. ಹೀಗೆ ಏಳು ಮ್ಯಾನೇಜರುಗಳು ಬಂದರು, ಹೋದರು. ಹುಲ್ಲಜ್ಜ ಹೇಳಿದ್ದು ತಪ್ಪು ಎಂದು ಯಾರೂ ಒಮ್ಮೆಯೂ ಅಂದಿರಲಿಲ್ಲ.

ಈ ಸಲ ಕೊನೆಗೆ ಉಳಿದ ಇಬ್ಬರಲ್ಲಿ ಒಬ್ಬ ಪಕ್ಕದ ಊರಿನ ಶಾಲೆಯ ವ್ಯಾಯಾಮದ ಮೇಷ್ಟ್ರು. ಊಟ ಮಾಡುವಾಗಲೂ ಕೊರಳಿನ ಸೀಟಿ ತೆಗೆಯುವುದಿಲ್ಲ ಎಂದು ಹುಡುಗರು ಅವನಿಗೆ ಸೀಟಿ ಮಾಸ್ತರ ಎಂದು ಹೆಸರಿಟ್ಟಿದ್ದರು. ಇನ್ನೊಬ್ಬ ಹುಲ್ಲಜ್ಜನ ಸ್ವಂತ ಅಳಿಯ.

ಪಟ್ಟಿ ನೋಡಿದ ಕೂಡಲೇ ಹುಲ್ಲಜ್ಜ ಅಧ್ಯಕ್ಷರ ಸಿಮೆಂಟ್ ಅಂಗಡಿಗೆ ಹೋದ. ಅಧ್ಯಕ್ಷರು ಮೂಟೆಗಳ ನಡುವೆ ಟೇಬಲ್ ಹಾಕಿಕೊಂಡು ಕೂತಿದ್ದರು. ಅವರ ಹುಬ್ಬಿನ ಮೇಲೂ ಸಿಮೆಂಟಿನ ಪುಡಿ.

"ಈ ಸಲ ನನ್ನನ್ನ ಬಿಟ್ಟುಬಿಡಿ. ಒಬ್ಬ ನಮ್ಮ ಮನೆಯವನು. ನಾನು ಹೇಗೆ ಹೇಳಿದ್ರೂ ಮಾತು ಬರುತ್ತೆ."

"ನೀವು ಬಿಟ್ರೆ ಯಾರು ಅಜ್ಜ? ನಾನು ಬಗ್ಗಿ ನೋಡಿದ್ರೆ ನನಗೆ ಕಾಣೋದು ನನ್ನ ಚಪ್ಪಲಿ ಮಾತ್ರ."

"ಯಾರಾದ್ರೂ ಆಗ್ಲಿ."

"ನೋಡಿ, ಐದು ಜನ ಸಮಿತೀಲಿ ಯಾವುದಕ್ಕೂ ಒಮ್ಮತ ಇಲ್ಲ. ಟೀಗೆ ಸಕ್ಕರೆ ಎಷ್ಟು ಅನ್ನೋದಕ್ಕೂ ಇಲ್ಲ. ಒಂದಕ್ಕೆ ಮಾತ್ರ ಇದೆ. ಹುಲ್ಲಜ್ಜ ಹೆತ್ತ ಅಪ್ಪನಿಗೋಸ್ಕರಾನೂ ಸುಳ್ಳು ಹೇಳೋನಲ್ಲ ಅನ್ನೋದಕ್ಕೆ."

ಬೇಡವೆನ್ನಲು ಹೋದವನು ಎದೆ ಸ್ವಲ್ಪ ಮುಂದೆ ಮಾಡಿಕೊಂಡು ಹೊರಗೆ ಬಂದ. ಹೊಗಳಿಕೆ ಎಂಥ ಗಟ್ಟಿ ಮನುಷ್ಯನನ್ನೂ ಒಂದು ಗಳಿಗೆ ಮೆತ್ತಗೆ ಮಾಡುತ್ತದೆ.

ಮನೆಯಲ್ಲಿ ಬೇರೆಯದೇ ತಾಪತ್ರಯ. ಅಳಿಯ ಇದೇ ಕ್ಲಬ್ಬಿಗೆ ಎಂಟು ವರ್ಷ ಎಡಬದಿಯಲ್ಲಿ ಆಡಿದವನು. ಮೊಣಕಾಲು ಮುರಿಯಿತು. ಆಪರೇಷನ್ ಆಯಿತು, ಕಾಲು ಬಂತು, ಓಟ ಬರಲಿಲ್ಲ. ಗೋದಾಮಿನ ಕೆಲಸವೂ ಹೋಯಿತು. ಎರಡು ವರ್ಷದಿಂದ ಗಂಡ ಹೆಂಡತಿ ಹುಲ್ಲಜ್ಜನ ಮನೆಯ ಮುಂದಿನ ಕೋಣೆಯಲ್ಲಿದ್ದರು. ಬೆಳಿಗ್ಗೆ ಹುಲ್ಲಜ್ಜ ರೋಲರ್ ಎಳೆದು ಬೆವರಿ ಬಂದಾಗ ಅಳಿಯ ಜಗಲಿಯ ಮೇಲೆ ಕಾಲು ಚಾಚಿ, ಒಂದು ನೋಟ್‌ಬುಕ್ಕಿನಲ್ಲಿ ಸೊನ್ನೆ, ಬಾಣ, ಗೆರೆ ಎಳೆಯುತ್ತ ಕೂತಿರುತ್ತಿದ್ದ. ನಮಸ್ಕಾರ ಹೇಳಿ ಕಾಲು ಮಡಚಿಕೊಳ್ಳುತ್ತಿದ್ದ. ಹುಲ್ಲಜ್ಜ ಅವನಿಗೆ ಬಹುವಚನ ಕೊಡುತ್ತಿದ್ದ, ಊಟಕ್ಕೆ ಕರೆಯುತ್ತಿದ್ದ, ಒಂದು ಕೆಟ್ಟ ಮಾತು ಆಡಿರಲಿಲ್ಲ. ಆದರೆ ಆ ಚಾಚಿದ ಕಾಲು ಕಂಡಾಗಲೆಲ್ಲ ಅವನ ಹಲ್ಲು ಒಂದಕ್ಕೊಂದು ಕಚ್ಚಿಕೊಳ್ಳುತ್ತಿದ್ದವು.

ಈಗ ದೂರದ ಬಂದರಿನಿಂದ ಒಂದು ಕಾಗದ ಬಂದಿತ್ತು. ಹಡಗಿನ ಸರಕಿನ ಗೋದಾಮಿಗೆ ಕಾವಲುಗಾರನ ಕೆಲಸ, ಮೂರು ವರ್ಷದ ಕರಾರು. ಮಲಗಲು ಒಂದು ಉದ್ದನೆಯ ಹಾಲಿನಲ್ಲಿ ಹತ್ತು ಮಂಚಗಳ ಪೈಕಿ ಒಂದು. ಹೆಂಡತಿಯನ್ನು ಕರೆತರುವ ಹಾಗಿಲ್ಲ. ಶನಿವಾರದ ಒಳಗೆ ಉತ್ತರ ಹೇಳಬೇಕು.

ಮಗಳು ಕೈಯಲ್ಲಿ ಪಾತ್ರೆ ಹಿಡಿದುಕೊಂಡೇ ಬಂದು ನಿಂತಳು.

"ಅಪ್ಪ, ಮ್ಯಾನೇಜರ್ ಕೆಲಸ ಸಿಕ್ಕಿದ್ರೆ ಅವರು ಬಂದರಿಗೆ ಹೋಗಲ್ಲ. ನಿನ್ನ ಬಾಯಿಂದ ಒಂದು ಮಾತು ಬಂದ್ರೆ ಸಾಕು."

"ಹುಲ್ಲು ಏನು ಹೇಳುತ್ತೋ ಅದನ್ನೇ ನಾನು ಹೇಳೋದು."

ಒಳಗಿನಿಂದ ಹೆಂಡತಿ, "ಹುಲ್ಲಿಗೆ ಬಾಯಿಲ್ಲ. ನಿಮಗಿದೆ," ಎಂದಳು.

"ನೀನು ಒಲೆ ನೋಡು."

"ಒಲೇನೇ ನೋಡ್ತಿದೀನಿ. ಅಳಿಯಂದಿರು ತರಕಾರಿ ಹೆಚ್ಚಿ ಕೊಟ್ಟು ಹೋದ್ರು. ನೀವು ಇಷ್ಟು ವರ್ಷದಲ್ಲಿ ಒಂದು ಈರುಳ್ಳಿ ಸುಲಿದಿದೀರಾ? ನಿಮಗೆ ಅವರ ಕಾಲು ಕಾಣುತ್ತೆ, ಕೈ ಕಾಣಲ್ಲ."

ಮಗಳು ನಗಲಿಲ್ಲ. "ಸುಳ್ಳು ಹೇಳು ಅಂತ ಕೇಳ್ತಿಲ್ಲ ಅಪ್ಪ," ಎಂದಳು. "ಅವರು ಚೆನ್ನಾಗಿ ಮಾಡಿದ್ರೆ, ನಮ್ಮವರು ಅನ್ನೋ ನಾಚಿಕೆಗೆ ಅದನ್ನ ಕಡಿಮೆ ಮಾಡಿ ಹೇಳ್ಬೇಡ. ಅಷ್ಟೇ."

"ಅಷ್ಟು ತಿಳುವಳಿಕೆ ನನಗಿದೆ," ಎಂದ ಹುಲ್ಲಜ್ಜ. ಅದನ್ನು ಅವನು ನಂಬಿಯೇ ಹೇಳಿದ್ದ.

ಮಂಗಳವಾರ ಸಂಜೆ ಸೀಟಿ ಮಾಸ್ತರನ ಸರದಿ. ಬುಧವಾರ ಬೆಳಿಗ್ಗೆ ಹುಲ್ಲಜ್ಜ ಮೈದಾನಕ್ಕೆ ಕಾಲಿಟ್ಟವನು ಅಯ್ಯೋ ಎಂದುಕೊಂಡ. ಎರಡೂ ಗೋಲಿನ ಮುಂದೆ ನೆಲ ಕೆದರಿ ಹೋಗಿತ್ತು. ನಡುಗೆರೆಯ ಉದ್ದಕ್ಕೂ ಓಡಿ, ತಿರುಗಿ, ಮತ್ತೆ ಓಡಿದ ಗುರುತು. ಅಂಗೈ ಅಗಲದ ಹೆಂಟೆಗಳು ಬೇರು ಸಮೇತ ಎದ್ದು ಬಿದ್ದಿದ್ದವು. ಎರಡು ತಿಂಗಳು ಮಗುವನ್ನು ಸಾಕಿದ ಹಾಗೆ ಸಾಕಿದ ಹುಲ್ಲು ಅದು. ಹೊಟ್ಟೆ ಉರಿಯಿತು. ಉರಿದರೂ, ಗೆರೆ ಗೆರೆಯನ್ನೂ ನೋಡಿ ಕಾಗದದ ಮೇಲೆ ಬರೆದುಕೊಂಡ: ಹದಿನಾರು ಜನ, ಒಂದೂವರೆ ಗಂಟೆ, ಒಬ್ಬರೂ ನಿಂತಿಲ್ಲ.

ಅಂದು ಮಧ್ಯಾಹ್ನ ಹಿಡಿದ ಮಳೆ ಗುರುವಾರ ಬೆಳಿಗ್ಗೆ ಬಿಟ್ಟಿತು. ನೆಲ ನೆನೆದ ರೊಟ್ಟಿಯ ಹಾಗಿತ್ತು. ಇಂಥ ದಿನಗಳಲ್ಲಿ ಹುಲ್ಲಜ್ಜ ಹಿಂದೆಲ್ಲ ಗೇಟಿನಲ್ಲಿ ನಿಂತು ಕೂಗಾಡುತ್ತಿದ್ದ. ಒದ್ದೆ ನೆಲ ತುಳೀಬೇಡ್ರೋ, ಬೇರು ಸತ್ತರೆ ತಿಂಗಳುಗಟ್ಟಲೆ ಏಳಲ್ಲ, ಭಾನುವಾರ ಚೆಂಡು ಗುಂಡೀಲಿ ಹೂತುಕೊಳ್ಳುತ್ತೆ. ಏಳು ಮ್ಯಾನೇಜರುಗಳಲ್ಲಿ ಒಬ್ಬನೂ ಕಿವಿಗೆ ಹಾಕಿಕೊಂಡವನಲ್ಲ. ಆಯ್ತಜ್ಜ ಆಯ್ತಜ್ಜ ಎನ್ನುತ್ತಲೇ ತುಳಿದುಕೊಂಡು ಹೋಗುತ್ತಿದ್ದರು. ಅಂದು ಅವನು ಕೂಗಲಿಲ್ಲ. ಪರೀಕ್ಷೆಯ ದಿನ ಅವನು ಗೇಟಿನ ಹತ್ತಿರ ಸುಳಿಯುವಂತಿರಲಿಲ್ಲ. ಸಂಜೆ ಅಳಿಯ ಹಳೆಯ ಬೂಟು ಹಾಕಿಕೊಂಡು ಹೊರಟಾಗ ಹುಲ್ಲಜ್ಜ ಜಗಲಿಯಲ್ಲಿ ಕೂತು ಬಲೆ ಹೊಲಿಯುತ್ತಿದ್ದ.

"ಬರ್ತೀನಿ ಮಾವ."

"ಹೂಂ."

ಅಷ್ಟೇ ಮಾತು.

ಶುಕ್ರವಾರ ಬೆಳಿಗ್ಗೆ ಮೈದಾನ ನೋಡಿದ ಹುಲ್ಲಜ್ಜನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಮೊಣಕಾಲೂರಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದ. ಮತ್ತೆ ಬಂದ. ಮಂಗಳವಾರದ ಹಳೆಯ ಗಾಯಗಳನ್ನು ಬಿಟ್ಟರೆ ಹೊಸದೊಂದು ಗೀರಿಲ್ಲ. ಇಷ್ಟು ಮೆತ್ತಗಿನ ನೆಲದಲ್ಲಿ ಹದಿನಾರು ಜನ ಹತ್ತು ನಿಮಿಷ ಓಡಿದ್ದರೂ ಉತ್ತ ಹೊಲದ ಹಾಗಾಗಬೇಕಿತ್ತು. ಹಿಂದಿನ ಗೋಡೆಯ ಪಕ್ಕದಲ್ಲಿ ಮಾತ್ರ, ಗೆರೆಯಿಂದ ಆಚೆ, ಒಂದು ಕಡೆ ಹುಲ್ಲು ಚಪ್ಪಟೆಯಾಗಿ ಮಲಗಿತ್ತು. ಜನ ಗುಂಪಾಗಿ ನಿಂತ ಗುರುತು, ಚೀಲ ಇಟ್ಟ ಗುರುತು.

ಅಂದರೆ ನಿಂತರು, ಮಾತಾಡಿದರು, ಮನೆಗೆ ಹೋದರು. ಜಗಲಿಯ ಮೇಲೆ ಕಾಲು ಚಾಚಿ ಕೂತವನು ಮೈದಾನದಲ್ಲೂ ಹದಿನಾರು ಜನರನ್ನು ಕೂರಿಸಿಕೊಂಡು ನೋಟ್‌ಬುಕ್ ತೋರಿಸಿರಬೇಕು.

ಹುಲ್ಲಜ್ಜನಿಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಮಗಳ ಮುಖ ನೆನಪಾಯಿತು. ಒಂದು ಗಳಿಗೆ, ಒಂದೇ ಗಳಿಗೆ, ತಾನೇ ಹಳೆಯ ಬೂಟು ಹಾಕಿಕೊಂಡು ನಾಲ್ಕು ಸುತ್ತು ತುಳಿದುಬಿಡಲೇ ಎನಿಸಿತು. ಅದನ್ನು ಯೋಚಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಗಿ, ಎದ್ದು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದ.

ಸಂಜೆ ಐದೂವರೆಗೆ ಸಮಿತಿ ಸೇರಿತು. ಡ್ರೆಸ್ಸಿಂಗ್ ರೂಮಿನ ಮೇಲಿನ ಕೋಣೆ, ಗಾಜು ಒಡೆದ ಕಪಾಟಿನಲ್ಲಿ ಮೂರು ಹಳೆಯ ಕಪ್ಪುಗಳು, ಸೋರುವ ಮೂಲೆಯ ಕೆಳಗೆ ಒಂದು ಬಕೆಟ್. ಹೊರಗಿನ ಬೆಂಚಿನ ಮೇಲೆ ಕೆಲಸ ಕೇಳಿದ ಇಬ್ಬರೂ ಕೂತಿದ್ದರು. ಸೀಟಿ ಮಾಸ್ತರ ಎದ್ದು ಕೈಮುಗಿದ. ಅಳಿಯ ಮುಗುಳ್ನಕ್ಕ.

"ಮೈದಾನ ನೋಡಿದ್ರಾ ಮಾವ?"

"ನೋಡಿದೆ," ಎಂದು ಹುಲ್ಲಜ್ಜ ಒಳಗೆ ಹೋದ. ಮಾಡಬಾರದ್ದನ್ನು ಮಾಡಿ ನಗಲು ಎಷ್ಟು ಧೈರ್ಯ ಎಂದುಕೊಂಡ.

ಒಳಗೆ ಅವನು ತನ್ನ ಕಾಗದ ಓದಿದ. ಮೊದಲನೆಯವರು ಹುಡುಗರ ಬೆವರಿಳಿಸಿದ್ದಾರೆ, ನನ್ನ ಹುಲ್ಲು ಹಾಳಾಗಿದೆ, ಆದರೆ ಕೆಲಸ ನಡೆದಿದೆ ಎಂದ. ಆಮೇಲೆ ಕಾಗದ ಮಗುಚಿ ಎರಡನೆಯದನ್ನು ಓದಿದ.

"ಎರಡನೆಯವರ ದಿನ ಓಟದ ಗುರುತಿಲ್ಲ. ಒಂದು ಕಡೆ ನಿಂತು ಮಾತಾಡಿದ್ದಾರೆ. ಅಷ್ಟೇ ನಡೆದಿರೋದು."

ಬಕೆಟ್ಟಿಗೆ ಒಂದು ಹನಿ ಬಿತ್ತು. ಖಜಾಂಚಿ ಪಕ್ಕದವನ ಕಿವಿಯಲ್ಲಿ, "ಹೆತ್ತ ಅಪ್ಪ ಇರಲಿ, ಮಗಳನ್ನ ಕೊಟ್ಟ ಅಳಿಯನನ್ನೂ ಬಿಡಲಿಲ್ಲ ನೋಡು," ಎಂದದ್ದು ಎಲ್ಲರಿಗೂ ಕೇಳಿಸಿತು.

ಇಬ್ಬರನ್ನೂ ಒಳಗೆ ಕರೆದರು. ಕಾರ್ಯದರ್ಶಿ ಹುಲ್ಲಜ್ಜನ ಮಾತುಗಳನ್ನು ನಡಾವಳಿ ಪುಸ್ತಕದಿಂದ ಒಂದಕ್ಷರ ಬಿಡದೆ ಓದಿದರು. ಅಳಿಯನ ಮುಖದಲ್ಲಿದ್ದ ನಗು ನಿಧಾನವಾಗಿ ಇಳಿಯಿತು. ಅವನು ಮಾವನ ಕಡೆ ತಿರುಗಿ ನೋಡಿದ. ಸಿಟ್ಟಿನ ನೋಟವಲ್ಲ. ಪರಿಚಯದವರ ಮನೆಯ ಬಾಗಿಲು ತಟ್ಟಿ, ಒಳಗಿನಿಂದ ಬೇರೆ ಯಾರೋ ಬಂದಾಗ ನೋಡುವ ಹಾಗೆ ನೋಡಿದ.

"ನೀವೇನಾದ್ರೂ ಹೇಳೋದಿದೆಯಾ?" ಎಂದು ಅಧ್ಯಕ್ಷರು ಕೇಳಿದರು.

"ಇಲ್ಲ ಸಾರ್. ಮಾವ ನೋಡಿದ ಮೇಲೆ ಆಯ್ತು," ಎಂದ ಅಳಿಯ.

ಸಮಿತಿ ಸೀಟಿ ಮಾಸ್ತರನನ್ನು ಆರಿಸಿತು. ಶನಿವಾರ ಬೆಳಿಗ್ಗೆ ಅಳಿಯ ಬಂದರಿಗೆ ಫೋನ್ ಮಾಡಿ ಒಪ್ಪಿಗೆ ಹೇಳಿದ. ಭಾನುವಾರ ಸಂಜೆ ನಾಲ್ಕರ ಬಸ್ಸು. ಮಗಳು ಅವನ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಒಂದೇ ಅಂಗಿಯನ್ನು ಎಷ್ಟೋ ಹೊತ್ತು ತೀಡುತ್ತಿದ್ದಳು. ಅಪ್ಪನ ಮೇಲೆ ಅವಳಿಗೆ ಕೋಪವಿರಲಿಲ್ಲ. ಅದನ್ನು ನೋಡುವುದೇ ಹುಲ್ಲಜ್ಜನಿಗೆ ಕಷ್ಟವಾಗಿತ್ತು. ಅವಳ ಕೋಪವೆಲ್ಲ ಗಂಡನ ಮೇಲಿತ್ತು.

ಪ್ರತಿ ಶನಿವಾರ ತಂಡದ ಬೂಟುಗಳನ್ನು ರಿಪೇರಿಯವನಿಂದ ತರುವುದು ಹುಲ್ಲಜ್ಜನ ಕೆಲಸ. ಬಸ್ ನಿಲ್ದಾಣದ ಪಕ್ಕದಲ್ಲಿ, ಬಾಗಿಲಿನಷ್ಟೇ ಅಗಲದ ಅಂಗಡಿ. ಅಂದು ಹೋದಾಗ ರಿಪೇರಿಯವನು ಮುಖ ಗಂಟು ಹಾಕಿಕೊಂಡು ಕೂತಿದ್ದ. ಮುಂದೆ ಬೂಟುಗಳ ಗುಡ್ಡೆ.

"ಏನಜ್ಜ, ನಿಮ್ಮ ಹುಡುಗ್ರು ಬೂಟು ಹಾಕ್ಕೊಂಡು ರಸ್ತೆ ಕೆಲಸಕ್ಕೆ ಹೋಗಿದ್ರಾ?"

"ಯಾಕಯ್ಯ?"

ಅವನು ಒಂದು ಬೂಟನ್ನು ಮಗುಚಿ ಹುಲ್ಲಜ್ಜನ ಮೂಗಿನ ಕೆಳಗೆ ಹಿಡಿದ. ಬೂಟಿನ ಅಡಿಯಲ್ಲಿ ನೆಲ ಕಚ್ಚಲು ಇರುವ ಸ್ಟಡ್ಡುಗಳು ಅರ್ಧಕ್ಕರ್ಧ ಸವೆದು, ಅಂಚಿನಲ್ಲಿ ಕತ್ತಿಯ ಹಾಗೆ ಹರಿತವಾಗಿದ್ದವು. ಇನ್ನೊಂದು ಬೂಟು ಮಗುಚಿದ. ಅದೂ ಹಾಗೇ.

"ಹದಿನಾರು ಜೊತೆ. ಎಲ್ಲದರದ್ದೂ ಇದೇ ಗತಿ. ಬುಧವಾರ ಇವನ್ನ ನಾನೇ ಹೊಸದು ಹಾಕಿ ಕಳಿಸಿದ್ದು. ಗುರುವಾರ ಒಂದು ದಿನದಲ್ಲಿ ಹಿಂಗಾಗಬೇಕಾದ್ರೆ ಕಲ್ಲಿನ ಮೇಲೆ ಎರಡು ಗಂಟೆ ಕುಣಿದಿರಬೇಕು. ಹುಲ್ಲಿನ ಮೇಲೆ ಆಡೋರ ಬೂಟಾ ಇದು?"

ಹುಲ್ಲಜ್ಜ ಬೂಟನ್ನು ಕೈಗೆ ತೆಗೆದುಕೊಂಡ. ಅಡಿಯಲ್ಲಿ ಬೂದು ಬಣ್ಣದ ಸಣ್ಣ ಜಲ್ಲಿ ಸಿಕ್ಕಿಕೊಂಡಿತ್ತು. ಉಗುರಿನಿಂದ ಕೆದಕಿ ತೆಗೆದ. ಅಂಥ ಜಲ್ಲಿ ಊರಿನಲ್ಲಿ ಇದ್ದದ್ದು ಒಂದೇ ಕಡೆ, ಮೈದಾನದ ಹಿಂದಿನ ಗೋಡೆಯ ಆಚೆ, ಮುಚ್ಚಿಹೋದ ಮರದ ಮಿಲ್ಲಿನ ಅಂಗಳದಲ್ಲಿ. ಆ ಗೋಡೆಗೆ ಒಂದು ಸಣ್ಣ ಬಾಗಿಲಿತ್ತು. ಹುಲ್ಲು ಚಪ್ಪಟೆಯಾಗಿದ್ದದ್ದು ಅದರ ಎದುರಿಗೇ.

ಅವನು ಬೂಟಿನ ಚೀಲ ಅಲ್ಲೇ ಬಿಟ್ಟು ಬಸ್ ನಿಲ್ದಾಣಕ್ಕೆ ಹೋದ. ತಂಡದ ಗೋಲ್‌ಕೀಪರಿಗೆ, ಎಲ್ಲರೂ ಗೋಲಿ ಎನ್ನುವವನಿಗೆ, ಹೊಟ್ಟೆಪಾಡಿಗೆ ಬಸ್ ಕಂಡಕ್ಟರ್ ಕೆಲಸ. ಅವನು ಟಿಕೆಟ್ ಯಂತ್ರ ಕುತ್ತಿಗೆಗೆ ಹಾಕಿಕೊಂಡು ಬಸ್ಸಿನ ನೆರಳಲ್ಲಿ ಟೀ ಕುಡಿಯುತ್ತಿದ್ದ. ಹುಲ್ಲಜ್ಜನನ್ನು ಕಂಡು ಮುಖ ಆ ಕಡೆ ತಿರುಗಿಸಿದ. ನಿನ್ನೆ ಸಂಜೆಯಿಂದ ಹುಡುಗರೆಲ್ಲ ಹೀಗೇ ಇದ್ದರು. ಸೋಲಿನ ಬೇಸರವಿರಬೇಕು ಎಂದುಕೊಂಡಿದ್ದ.

"ಗುರುವಾರ ಎಲ್ಲಿ ಆಡಿದ್ರೋ?"

"ಈಗ ಕೇಳ್ತೀರಾ?" ಎಂದ ಗೋಲಿ.

"ಹೇಳು."

"ಮಿಲ್ಲಿನ ಅಂಗಳದಲ್ಲಿ. ಬಂದ ಕೂಡಲೇ ನಿಮ್ಮ ಅಳಿಯ ನಮ್ಮನ್ನ ಬಾಗಿಲ ಹತ್ತಿರ ನಿಲ್ಸಿ ಹೇಳಿದ್ರು, ಮೈದಾನ ಒದ್ದೆ ಇದೆ, ಇವತ್ತು ತುಳಿದ್ರೆ ಭಾನುವಾರ ನಾವೇ ಮುಗ್ಗರಿಸ್ತೀವಿ, ಮಾವ ಇದನ್ನ ವರ್ಷಗಳಿಂದ ಬಡ್ಕೋತಿದಾರೆ ಅಂತ. ಆಮೇಲೆ ಎರಡು ಗಂಟೆ. ಜಲ್ಲಿ ಮೇಲೆ ಚೆಂಡು ಎಲ್ಲಿ ಪುಟಿಯುತ್ತೋ ಗೊತ್ತಾಗಲ್ಲ. ಇಲ್ಲಿ ಹಿಡಿತಕ್ಕೆ ಸಿಕ್ಕಿದ್ರೆ ಹುಲ್ಲಿನ ಮೇಲೆ ತಾನಾಗೇ ಬರುತ್ತೆ ಅಂದ್ರು. ನೋಡಿ." ಅವನು ತೋಳು ಮಡಚಿ ಮೊಣಕೈ ತೋರಿಸಿದ. ಚರ್ಮ ಕಿತ್ತುಹೋಗಿತ್ತು. "ಹನ್ನೆರಡು ವರ್ಷ ಆಡಿದೀನಿ ಅಜ್ಜ. ಅಂಥ ಅಭ್ಯಾಸ ಒಂದು ದಿನ ಮಾಡಿಲ್ಲ. ಹುಡುಗ್ರು ಮನೆಗೆ ಹೋಗೋವಾಗ ನಗ್ತಾ ಹೋದ್ರು. ಈ ವರ್ಷ ನಾವು ನಕ್ಕಿದ್ದು ಅವತ್ತೊಂದೇ ದಿನ."

"ನನಗೆ ಹೇಳಬಾರದಿತ್ತಾ?"

"ಬಾಯಿ ಬಿಡಬಾರದು ಅನ್ನೋ ಪದ್ಧತಿ ಯಾರದ್ದು? ತೀರ್ಮಾನ ಆದ ಮೇಲೆ, ಹೋಗಿ ಜಗಳ ಮಾಡೋಣ ಅಂತ ನಾನೇ ಅವರಿಗೆ ಹೇಳಿದೆ. ಬೇಡ ಅಂದ್ರು." ಗೋಲಿ ಉಳಿದ ಟೀಯನ್ನು ನೆಲಕ್ಕೆ ಚೆಲ್ಲಿದ. "ಬಸ್ ಹೊರಡುತ್ತೆ," ಎಂದು ಹತ್ತಿಕೊಂಡ.

ಹುಲ್ಲಜ್ಜ ಅಲ್ಲಿಂದ ಸಿಮೆಂಟ್ ಅಂಗಡಿಗೆ ಹೇಗೆ ನಡೆದನೋ ಅವನಿಗೇ ತಿಳಿಯದು. ಕಲ್ಲಿನ ಚೂರು ಇನ್ನೂ ಮುಷ್ಟಿಯಲ್ಲಿತ್ತು. ಎಲ್ಲವನ್ನೂ ಹೇಳಿದ. ಅಧ್ಯಕ್ಷರು ತಲೆ ತಗ್ಗಿಸಿ ಕೇಳಿದರು.

"ಅಜ್ಜ, ಮೊದಲು ಕೂತ್ಕೊಳ್ಳಿ. ನೀರು ಕುಡೀರಿ."

"ನೀರು ಬೇಡ. ಸಮಿತಿ ಕರೀರಿ. ನಾನು ತಪ್ಪು ಓದಿದೆ ಅಂತ ಎಲ್ಲರ ಮುಂದೆ ಹೇಳ್ತೀನಿ."

"ಸೀಟಿ ಮಾಸ್ತರು ಇವತ್ತು ಬೆಳಿಗ್ಗೇನೇ ಶಾಲೆಗೆ ರಾಜೀನಾಮೆ ಕೊಟ್ಟಾಗಿದೆ. ಅವರಿಗೇನು ಹೇಳಲಿ?"

"ನಮ್ಮ ತಪ್ಪು ಅಂತ ಹೇಳಿ."

"ನಾನು ನಿಮ್ಮನ್ನ ನಂಬ್ತೀನಿ. ಉಳಿದ ನಾಲ್ವರು? ಅಳಿಯನಿಗೆ ಕೆಲಸ ಸಿಗಲಿಲ್ಲ, ಮಗಳು ಅತ್ತಳು, ಮುದುಕ ಮಾತು ತಿರುಗಿಸಿದ ಅಂತಾರೆ. ಅನ್ನಲ್ಲ ಅಂತ ನೀವೇ ಹೇಳಿ ನೋಡೋಣ." ಅಧ್ಯಕ್ಷರು ಸ್ವಲ್ಪ ಹೊತ್ತು ಮೇಜಿನ ಮೇಲಿನ ಪುಡಿಯಲ್ಲಿ ಬೆರಳಿಂದ ಗೆರೆ ಎಳೆದರು. "ಇನ್ನೊಂದಿದೆ. ಇದೊಂದು ತಪ್ಪು ಅಂದ್ರೆ, ಹಿಂದಿನ ಏಳು ಸಲ ನೀವು ಬೇಡ ಅಂದ್ರಲ್ಲ, ಆ ಏಳು ಜನ? ಅವರೆಲ್ಲ ಬಂದು ಬಾಗಿಲು ತಟ್ಟಿದ್ರೆ?"

ಹುಲ್ಲಜ್ಜನಿಗೆ ಹನ್ನೊಂದು ವರ್ಷದ ಹಿಂದಿನ ಒಬ್ಬ ಮೆತ್ತಗಿನ ಮನುಷ್ಯ ನೆನಪಾದ. ಮೈದಾನದ ನಡುವೆ ಒಂದು ಗೀರೂ ಇಲ್ಲವೆಂದು ಅವನನ್ನು ಮೈಗಳ್ಳ ಎಂದು ಓದಿದ್ದ. ಆ ವಾರವೂ ಮಳೆ ಬಂದಿತ್ತೇ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

"ಇದನ್ನ ಇಲ್ಲಿಗೇ ಬಿಡಿ ಅಜ್ಜ," ಎಂದರು ಅಧ್ಯಕ್ಷರು. ದನಿಯಲ್ಲಿ ಕೆಡುಕಿರಲಿಲ್ಲ. "ನಿಮಗೂ ಒಳ್ಳೇದು."

ಭಾನುವಾರ ಬೆಳಿಗ್ಗೆ ಹುಲ್ಲಜ್ಜ ಪಂದ್ಯಕ್ಕೆ ಗೆರೆ ಹಾಕಿದ. ಮಂಗಳವಾರದ ಗುಂಡಿಗಳಿಗೆ ಮರಳು ತುಂಬಿ ಕೈಲಾದಷ್ಟು ಒತ್ತಿದ. ಒದ್ದೆ ಮರಳು ಒತ್ತಿದಷ್ಟೂ ಕುಸಿಯುತ್ತಿತ್ತು. ಮನೆಗೆ ಬಂದು ಮುಂದಿನ ಕೋಣೆಯ ಬಾಗಿಲಲ್ಲಿ ನಿಂತ. ಮಗಳು ಅಂಗಡಿಗೆ ಹೋಗಿದ್ದಳು. ಅಳಿಯ ನೆಲದ ಮೇಲೆ ಕೂತು ಪೆಟ್ಟಿಗೆಗೆ ಹಗ್ಗ ಕಟ್ಟುತ್ತಿದ್ದ. ನೋವಿನ ಕಾಲು ಎಂದಿನ ಹಾಗೆ ಮುಂದಕ್ಕೆ ಚಾಚಿತ್ತು. ಅದು ಸುಲಭವಾಗಿ ಮಡಚಲು ಬಾರದ ಕಾಲು, ಮಾವ ಬಂದಾಗಲೆಲ್ಲ ಅವನು ಅದನ್ನು ನೋವಿನಲ್ಲೇ ಮಡಚುತ್ತಿದ್ದ ಎಂಬುದು ಹುಲ್ಲಜ್ಜನಿಗೆ ಆಗ ತಿಳಿಯಿತು. ಈಗಲೂ ಮಡಚಲು ಹೋದ.

"ಬೇಡ, ಹಾಗೇ ಇರಲಿ," ಎಂದು ಹುಲ್ಲಜ್ಜ ಎದುರಿಗೆ ಕೂತ. "ಮಿಲ್ಲಿನ ಅಂಗಳದ ವಿಷಯ ನಿನ್ನೆ ಗೊತ್ತಾಯ್ತು."

ಅಳಿಯ ಹಗ್ಗದ ಗಂಟು ಬಿಗಿದ. "ಹೌದಾ."

"ಅವತ್ತು ಸಮಿತಿ ಮುಂದೆ ನೀವು ಯಾಕೆ ಹೇಳ್ಲಿಲ್ಲ? ಒಂದು ಮಾತು. ಬಾಗಿಲು ತೆಗೆದು ತೋರಿಸಿದ್ರೆ ಮುಗೀತಿತ್ತು."

"ಎಲ್ಲರ ಮುಂದೆ ನಿಮ್ಮ ಮಾತು ಸುಳ್ಳು ಅನ್ನಬೇಕಾಗ್ತಿತ್ತು ಮಾವ."

"ಅಂದುಬಿಡಬೇಕಿತ್ತು."

ಅಳಿಯ ಹಗ್ಗದ ತುದಿ ಕೆಳಗೆ ಬಿಟ್ಟ. "ನಿಜ ಹೇಳ್ಲಾ? ಅದೊಂದೇ ಕಾರಣ ಅಲ್ಲ. ನೀವು ಹುಲ್ಲು ನೋಡಿ ಹೇಳಿದ್ರಿ ಅಂತ ನನಗೆ ಅನ್ನಿಸಲೇ ಇಲ್ಲ. ಗೀರಿಲ್ಲದ ಮೈದಾನ ನೋಡಿದ್ರೆ ಬೇರೆ ಯಾರಿಗೆ ತಿಳೀದಿದ್ರೂ ನಿಮಗೆ ತಿಳಿಯುತ್ತೆ, ಖುಷಿಪಡ್ತೀರಿ ಅಂದ್ಕೊಂಡಿದ್ದೆ. ಕಾರ್ಯದರ್ಶಿ ಓದಿದಾಗ ಗೊತ್ತಾಯ್ತು. ನೀವು ನನ್ನನ್ನ ನೋಡಿ ಹೇಳಿದ್ದು. ಎರಡು ವರ್ಷದಿಂದ ನೋಡ್ತಿದ್ರಲ್ಲ, ಅದನ್ನ ಹೇಳಿದ್ದು. ಅದಕ್ಕೆ ನಾನೇನು ಉತ್ತರ ಕೊಡಲಿ?"

ಹುಲ್ಲಜ್ಜ ಪೆಟ್ಟಿಗೆಯ ಮೇಲಿನ ಗಂಟನ್ನೇ ನೋಡಿದ. ಮೂವತ್ತೊಂದು ವರ್ಷ ಗೇಟಿನಲ್ಲಿ ನಿಂತು ಕೂಗಿದ್ದನ್ನು ಒಬ್ಬನೇ ಒಬ್ಬ ಕಿವಿಗೆ ಹಾಕಿಕೊಂಡಿದ್ದ. ಅವನನ್ನೇ ತಾನು ಊರಿನಿಂದ ಹೊರಗೆ ಹಾಕಿದ್ದ. ಇದನ್ನು ಯಾರ ಹತ್ತಿರ ಹೇಗೆ ಹೇಳುವುದು?

"ಅವಳಿಗೆ ಹೇಳ್ತೀನಿ," ಎಂದ ಕೊನೆ‌ಗೆ.

"ಬೇಡ ಮಾವ." ಅಳಿಯ ಮೊದಲ ಸಲ ತಲೆ ಎತ್ತಿ ನೋಡಿದ. "ಅವಳು ಮೂರು ವರ್ಷ ಈ ಮನೇಲಿರಬೇಕು, ನಿಮ್ಮ ಕಣ್ಣೆದುರಿಗೆ. ಅಪ್ಪನಿಂದ ಹೀಗಾಯ್ತು ಅಂತ ಗೊತ್ತಾದ್ರೆ ಈ ಮನೇಲಿ ಒಂದು ತುತ್ತು ಇಳಿಯಲ್ಲ ಅವಳಿಗೆ. ನಾನು ದೂರ ಇರೋನು. ನನ್ನ ಮೇಲೆ ಸಿಟ್ಟಿದ್ರೆ ನಡೆಯುತ್ತೆ. ಕಾಗದದಲ್ಲಿ ಬೈತಾಳೆ, ಅಷ್ಟೇ ತಾನೇ."

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಅಳಿಯ ಮತ್ತೆ ಹಗ್ಗ ಹಿಡಿದ.

ಅಂದು ಮಧ್ಯಾಹ್ನ ಹುಲ್ಲಜ್ಜ ಪಂದ್ಯಕ್ಕೆ ಹೋಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅವನು ತಪ್ಪಿಸಿದ ಮೊದಲ ಪಂದ್ಯ. ಅವನು, ಮಗಳು, ಅಳಿಯ ಮೂವರೂ ಬಸ್ ನಿಲ್ದಾಣಕ್ಕೆ ನಡೆದರು. ಪೆಟ್ಟಿಗೆಯನ್ನು ಹುಲ್ಲಜ್ಜನೇ ಹೊತ್ತ, ಕೊಡಿ ಎಂದರೂ ಕೊಡಲಿಲ್ಲ. ನಿಲ್ದಾಣದಲ್ಲಿ ಬಸ್ಸು ಬಾಗಿಲು ತೆರೆದುಕೊಂಡು ಖಾಲಿ ನಿಂತಿತ್ತು. ಡ್ರೈವರ್ ಗಾಜು ಒರೆಸುತ್ತಿದ್ದ. ಮಗಳು ಗಂಡನಿಗೆ ನೀರಿನ ಬಾಟಲಿ ಕೊಟ್ಟಳು, ಮಾತ್ರೆ ಎಲ್ಲಿದೆ ಎಂದು ಹೇಳಿದಳು. ಆಮೇಲೆ ತಡೆಯಲಾಗಲಿಲ್ಲ.

"ಒಂದು ಸಂಜೆ," ಎಂದಳು. "ಒಂದೇ ಒಂದು ಸಂಜೆ ಹುಡುಗರನ್ನ ಓಡಿಸಿದ್ರೆ ಇದೆಲ್ಲ ಇರ್ತಿರಲಿಲ್ಲ. ಅಷ್ಟೂ ಆಗಲಿಲ್ವಾ ನಿಮ್ಮ ಕೈಲಿ?"

ಅಳಿಯ ಬಾಟಲಿಯನ್ನು ಚೀಲದಲ್ಲಿಟ್ಟ. "ಆಗಲಿಲ್ಲ ಕಣೇ," ಎಂದ.

ಸುಮ್ಮನಿದ್ದಿದ್ದರೆ ಹುಲ್ಲಜ್ಜನಿಗೆ ಮಗಳು ಉಳಿಯುತ್ತಿದ್ದಳು. ಸುಮ್ಮನಿರಲು ಅಳಿಯನೇ ಅಪ್ಪಣೆ ಕೊಟ್ಟಿದ್ದ. ಅಧ್ಯಕ್ಷರೂ ಕೊಟ್ಟಿದ್ದರು. ಬಸ್ಸು ಹೊರಡಲು ಐದು ನಿಮಿಷವಿತ್ತು. ಆ ಐದು ನಿಮಿಷ ನಾಲಿಗೆ ಕಚ್ಚಿಕೊಂಡಿದ್ದರೆ ಸಾಕಿತ್ತು.

"ಓಡಿಸಿದಾರೆ," ಎಂದ ಹುಲ್ಲಜ್ಜ. "ಮಿಲ್ಲಿನ ಅಂಗಳದಲ್ಲಿ. ಎರಡು ಗಂಟೆ. ನನ್ನ ಹುಲ್ಲು ಹಾಳಾಗಬಾರದು ಅಂತ ಅಲ್ಲಿಗೆ ಕರ್ಕೊಂಡು ಹೋಗಿದಾರೆ. ನಾನು ನೋಡಿ, ಕೆಲಸವೇ ಮಾಡಿಲ್ಲ ಅಂದೆ. ಇವರು ಸೋಮಾರಿ ಅಂತ ಮೊದಲೇ ಮನಸ್ಸಲ್ಲಿ ಇಟ್ಕೊಂಡಿದ್ದೆ. ಅದನ್ನೇ ಹುಲ್ಲಲ್ಲಿ ಕಂಡೆ. ನಿನ್ನೆ ಗೊತ್ತಾಯ್ತು. ಅಧ್ಯಕ್ಷರ ಹತ್ತಿರ ಹೋದೆ, ಆಗಲ್ಲ ಅಂದ್ರು."

ಅಳಿಯ ಕಣ್ಣು ಮುಚ್ಚಿಕೊಂಡ. ಮಗಳು ಅಪ್ಪನ ಮುಖವನ್ನು ನೋಡಿದಳು, ಆಮೇಲೆ ಗಂಡನ ಮುಖವನ್ನು.

"ಆಗಲಿಲ್ಲ ಅಂದ್ರಲ್ಲ ಈಗ."

ಅವಳು ಗಂಡನ ಅಂಗಿಯ ತೋಳನ್ನು ಹಿಡಿದುಕೊಂಡಳು. ಮಡಿಕೆ ಮುರಿಯದ ಇಸ್ತ್ರಿ ಅಂಗಿ ಅವಳ ಮುಷ್ಟಿಯಲ್ಲಿ ಮುದ್ದೆಯಾಯಿತು. ಡ್ರೈವರ್ ಹತ್ತಿ ಹಾರ್ನ್ ಒತ್ತುವವರೆಗೂ ಹಿಡಿದೇ ಇದ್ದಳು. ಅಳಿಯ ಒಂದೊಂದೇ ಮೆಟ್ಟಿಲು ಹತ್ತಿದ, ಒಳ್ಳೆಯ ಕಾಲು ಮೊದಲು. ಕಿಟಕಿಯಿಂದ, "ಮಾವ, ಬರ್ತೀನಿ," ಎಂದ. ಹುಲ್ಲಜ್ಜ ಕೈ ಎತ್ತಿದ. ಬಸ್ಸು ತಿರುವಿನಲ್ಲಿ ಮರೆಯಾಯಿತು.

ತಂದೆ ಮಗಳು ನಿಂತೇ ಇದ್ದರು. ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ಹುಲ್ಲಜ್ಜ ಕಾದ. ಎರಡಕ್ಕೂ ಸಿದ್ಧನಾಗಿದ್ದ.

"ಮೂರು ವರ್ಷ ನಿಮ್ಮ ಮನೇಲಿರ್ತೀನಿ," ಎಂದಳು ರಸ್ತೆಯ ಕಡೆ ನೋಡುತ್ತ. ಅವಳ ದನಿ ಅಂಗಡಿಯವನ ಹತ್ತಿರ ಮಾತಾಡುವ ಹಾಗಿತ್ತು. "ಬೇರೆ ಜಾಗ ಇಲ್ಲ ನನಗೆ. ಅಮ್ಮನಿಗೆ ಕೈಯಾಸರೆ ಆಗ್ತೀನಿ, ನಿಮಗೆ ಊಟ ಬಡಿಸ್ತೀನಿ. ಆದರೆ ಅವರ ವಿಷಯ ಮಾತ್ರ ನೀವು ನನ್ನ ಹತ್ತಿರ ಎತ್ತಬೇಡಿ. ಕೆಟ್ಟದ್ದೂ ಬೇಡ. ಒಳ್ಳೇದೂ ಬೇಡ."

"ಆಯ್ತಮ್ಮ," ಎಂದ ಹುಲ್ಲಜ್ಜ.

ಅವಳು ಆಗಲೇ ರಸ್ತೆ ದಾಟಿ ನಡೆಯತೊಡಗಿದ್ದಳು.